ಬೇಸಗೆಯ ಬಸ್ಸೂ ಮಳೆಗಾಲದ ಊರೂ

ಮಲೆನಾಡಿನ ಹಳ್ಳಿಗೆ ಬೇಸಗೆಯಲ್ಲಿ ಬಸ್ಸು ಬರುವುದು ದೊಡ್ಡ ಸಂಗತಿಯಲ್ಲ. ಮದುವೆ ಮುಂಜಿಗಳು, ಜಾತ್ರೆ ತೇರುಗಳು ಆ ಕಾಲಕ್ಕೇ ಬರುತ್ತವೆ. ಶೃಂಗೇರಿ ಹೊರನಾಡುಗಳ ಯಾತ್ರಿಕರೂ ಶಾಲೆಗಳಿಗೆ ರಜೆಯಿರುವ ಆ ದಿನಗಳಲ್ಲಿಯೇ ಹೆಚ್ಚಾಗಿ ಹೊರಡುತ್ತಾರೆ. ರಸ್ತೆ ಒಣಗಿರುತ್ತದೆ, ಏರಿದವರೆಲ್ಲ ಪೂರ್ತಿ ದರ ತೆರುವವರೇ ಆಗಿರುತ್ತಾರೆ. ಇಂಥ ಸಮಯದಲ್ಲಿ ಗಾಡಿ ಓಡಿಸುವುದಕ್ಕೆ ಪರೋಪಕಾರಬುದ್ಧಿ ಬೇಕಿಲ್ಲ, ಲಾಭದ ಲೆಕ್ಕ ಬಂದರೆ ಸಾಕು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಬಸ್ಸಿಗಾಗಿ ಕಾಯುವವರು ಯಾರು? ರಿಯಾಯಿತಿಯ ಪಾಸು ಹಿಡಿದ ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಮುದುಕರು, ಕಛೇರಿಯಲ್ಲಿ ಕಾಗದಪತ್ರದ ಕೆಲಸವಿರುವ ಬಡ ರೈತರು. ಊರಿಗೆ ಬಸ್ಸಿನ ಅಗತ್ಯವು ಹೆಚ್ಚಿದಂತೆಲ್ಲ ಬಸ್ಸಿನ ಗಳಿಕೆಯು ಕುಗ್ಗುತ್ತದೆ. ಗ್ರಾಮಾಂತರ ಸಾರಿಗೆಯ ಸಕಲ ಸಂಕಟದ ಬೇರು ಇಲ್ಲಿದೆಯೆಂದು ನಾವು ತಿಳಿದಿದ್ದೇವೆ.

ಬೇಸಗೆಯ ಬಸ್ಸಿಗೆ ಕಾಯಿದೆಯಲ್ಲಿಯೂ ಒಂದು ಸ್ಥಾನವುಂಟು. 1939ರ ಮೋಟಾರು ವಾಹನಗಳ ಕಾಯಿದೆಯ 62ನೆಯ ಕಲಮು, ಅದರ ಸ್ಥಾನದಲ್ಲಿ ಬಂದ 1988ರ ಕಾಯಿದೆಯ 87ನೆಯ ಕಲಮು, ಇವೆರಡೂ ಜಾತ್ರೆಗಳಿಗೆ, ಧಾರ್ಮಿಕ ಕೂಟಗಳಿಗೆ, ಋತುಮಾನದ ವ್ಯವಹಾರಗಳಿಗೆ ನಾಲ್ಕು ತಿಂಗಳಿಗೆ ಮೀರದಂತೆ ತಾತ್ಕಾಲಿಕ ಪರವಾನಿಗೆಯನ್ನು ಕೊಡಲು ಅವಕಾಶ ಮಾಡಿವೆ. (ಕಲಮುಗಳನ್ನು ಓದಿ ಹೇಳುವುದು ನಮ್ಮ ಕಸುಬಿನ ಚಟ, ವಾಚಕರು ಸೈರಿಸಬೇಕು.) ಆ ಏರ್ಪಾಡು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಬೆಳೆ ಬರುವ ನಾಲ್ಕು ತಿಂಗಳು ಕೊಯ್ದುಕೊಂಡು ಹೋಗಲು ಒಬ್ಬನಿಗೆ ಬಿಟ್ಟು, ಉಳಿದ ಎಂಟು ತಿಂಗಳ ಹೊಲ ಕಾಯುವ ಕೆಲಸವನ್ನು ಇನ್ನೊಬ್ಬನಿಗೆ ಹೊರಿಸಿದರೆ, ಕಾಯುವವನು ಎಷ್ಟು ಕಾಲ ಬಾಳಿಯಾನು?

ಕೊಪ್ಪದ ಸಹಕಾರ ಸಾರಿಗೆಯ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. ಖಾಸಗಿ ಬಸ್ಸಿನ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕರು ಕಂಪನಿಯೊಡನೆ ವಿವಾದವೆದ್ದು ಬೀದಿಗೆ ಬೀಳುವ ಹೊತ್ತಿನಲ್ಲಿ ತಮ್ಮಲ್ಲಿಯೇ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡು, 1991ರಲ್ಲಿ ಕೇವಲ 6 ಬಸ್ಸುಗಳಿಂದ ಸಾರಿಗೆಯನ್ನು ಆರಂಭಿಸಿದರು. ಚಕ್ರ ಹಿಡಿದವನೂ ಚೀಟಿ ಹರಿದವನೂ ಅಲ್ಲಿ ಕೂಲಿಯಾಳಲ್ಲ, ಪಾಲುದಾರ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರ ಸಂಘವನ್ನು ಹುಟ್ಟುಹಾಕಿದ ನಾಡು ನಮ್ಮದು. ಆ ಬೀಜವು ಸಾಲಸೋಲದ ಗದ್ದೆಯಲ್ಲಷ್ಟೇ ಅಲ್ಲದೆ ಘಟ್ಟದ ತಿರುವುಗಳಲ್ಲಿಯೂ ಮೊಳೆಯಬಲ್ಲುದೆಂದು ಈ ಕೆಲಸಗಾರರು ತೋರಿಸಿಕೊಟ್ಟರು. ಆರು ಇದ್ದ ಗಾಡಿಗಳು ಕಾಲಕ್ರಮದಲ್ಲಿ 70ನ್ನು ಮೀರಿದವು. ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಒಳಹಳ್ಳಿಗಳಿಗೂ, ಘಟ್ಟದ ಕೆಳಗಿನ ಉಡುಪಿಯ ಕಡೆಗೂ ಅವು ಓಡಿದವು. 1956ರವರೆಗೆ ಆಗುಂಬೆಯ ಘಟ್ಟವೇ ಮೈಸೂರು ಸಂಸ್ಥಾನಕ್ಕೂ ಮದರಾಸಿಗೆ ಸೇರಿದ ದಕ್ಷಿಣ ಕನ್ನಡಕ್ಕೂ ನಡುವಣ ಗಡಿಯಾಗಿತ್ತೆಂಬುದನ್ನು ನೆನೆದರೆ, ಒಂದೇ ಮಾತಾಡುವ ಎರಡು ಸೀಮೆಗಳನ್ನು ಹೊಲಿದ ಈ ಬಸ್ಸಿನ ಬೆಲೆ ತಿಳಿದೀತು.

ಆಗುಂಬೆಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಮಳೆಗಾಲದ ಸರತಿಯೆಂದರೆ ಕೆಸರು, ಮುರಿದುಬಿದ್ದ ಮರ, ಕುಸಿದ ದರೆ, ಸವೆಯುವ ಬ್ರೇಕು, ಅರ್ಧ ಖಾಲಿಯಾದ ಆಸನಗಳು. ಸಹಕಾರ ಸಾರಿಗೆಯವರು ಅದನ್ನೂ ಓಡಿಸಿದರು. ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಟ್ಟರು. ಬೇಸಗೆಯ ಗಳಿಕೆಯಿಂದ ಆಷಾಢದ ನಷ್ಟವನ್ನು ತುಂಬುವುದಲ್ಲದೆ ಇದಕ್ಕೆ ಬೇರೆ ದಾರಿಯಿರಲಾರದು. ಆ ಬೇಸಗೆಯ ಗಳಿಕೆಗೇ ಪೈಪೋಟಿ ಬಿದ್ದರೆ ಗತಿಯೇನು? ತೆರಿಗೆಯಾದರೋ ಮೂರು ತಿಂಗಳಿಗೊಮ್ಮೆ ಆಸನಗಳ ಲೆಕ್ಕದಲ್ಲಿ ಕೊಡತಕ್ಕದ್ದು. ಆಸನದ ಮೇಲೆ ಜನ ಕೂತಿದ್ದಾರೆಯೋ ಮಳೆಯ ಹನಿ ಕೂತಿದೆಯೋ ಎಂದು ಸರಕಾರ ಕೇಳುವುದಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ಮೇಲಿದ್ದ ಕೇಂದ್ರದ ಹತೋಟಿ ಹೋಯಿತು. ವಿಮೆಯ ಕಂತು ಏರಿತು. ಕೊನೆಗೆ 2020ರ ಫೆಬ್ರವರಿಯಲ್ಲಿ, ದೇಶವನ್ನೆಲ್ಲ ಮುಚ್ಚಿಸಿದ ಸಾಂಕ್ರಾಮಿಕ ಬರುವುದಕ್ಕೆ ಮೊದಲೇ, ಬಸ್ಸುಗಳು ನಿಂತುಹೋದವು. ನೂರಾರು ಸಂಸಾರಗಳ ಅನ್ನದ ದಾರಿಯೂ ಅದರೊಡನೆ ನಿಂತಿತು. ಇಪ್ಪತ್ತೊಂಬತ್ತು ವರ್ಷವೆಂಬುದು ಮನುಷ್ಯನಿಗೆ ಯೌವನ. ಒಂದು ಸಂಸ್ಥೆಗೆ ಅಲ್ಪಾಯುಷ್ಯವೇ ಸರಿ.

ವ್ಯಾಪಾರವೆಂದ ಮೇಲೆ ಲಾಭನಷ್ಟ ಸಹಜ, ಅದಕ್ಕೆ ಮರುಗುವುದೇಕೆ ಎಂದು ಕೆಲವರು ಕೇಳುವುದುಂಟು. ಇದು ಬರಿಯ ವ್ಯಾಪಾರವಾಗಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಮೈಸೂರು ಸರಕಾರವು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿದ್ದು ವ್ಯಾಪಾರಕ್ಕಾಗಿ ಮಾತ್ರವೇ? 1961ರಲ್ಲಿ ಅದು ನಿಗಮವಾದ ಮೇಲೆಯೂ, ವಿದ್ಯಾರ್ಥಿಗಳ ಪಾಸಿನಿಂದ ಬೀಳುವ ಖೋತಾದಲ್ಲಿ ಒಂದು ಪಾಲನ್ನಾದರೂ ಸರಕಾರವು ಬೊಕ್ಕಸದಿಂದ ಕಟ್ಟಿಕೊಡುತ್ತ ಬಂದಿದೆ. ಅದು ಯುಕ್ತವೇ. ಅದೇ ಹುಡುಗನನ್ನು, ಅದೇ ಮಳೆಯಲ್ಲಿ, ಅದೇ ಶಾಲೆಗೆ ಮುಟ್ಟಿಸಿದ ಸಹಕಾರ ಸಂಘಕ್ಕೆ ಆ ಆಸರೆ ಯಾಕೆ ಇರಲಿಲ್ಲವೆಂಬುದು ನಮ್ಮ ಪ್ರಶ್ನೆ. ಬಣ್ಣ ಬೇರೆಯಾದ ಮಾತ್ರಕ್ಕೆ ಸೇವೆ ಬೇರೆಯಾಯಿತೇ?

ಇದರ ಫಲವನ್ನು ಮಲೆನಾಡಿನ ಹೆಂಗಸರು ಉಣ್ಣುತ್ತಿದ್ದಾರೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು, ರಾಜ್ಯದ ಮಹಿಳೆಯರಿಗೆ ಸರಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಯಿತು. ಬಯಲುಸೀಮೆಯ ತಂಗಿ ಕಾಸಿಲ್ಲದೆ ಸಂತೆಗೆ ಹೋಗಿಬಂದಳು. ಸರಕಾರಿ ಬಸ್ಸಿನ ಮುಖವನ್ನೇ ಕಾಣದ ಊರಿನ ಅಕ್ಕ ಕಾಸು ಕೊಟ್ಟೇ ಏರಿದಳು. ಇಬ್ಬರೂ ತೆರಿಗೆ ಕೊಡುವವರೇ.

ಹೋದ ಸಂಘವನ್ನು ಅಳುವುದರಿಂದ ಎಬ್ಬಿಸಲಾಗುವುದಿಲ್ಲ. ಆದರೆ ಅಧಿಕಾರಿಗಳ ಕೈಯಲ್ಲಿ ಉಪಾಯವೇ ಇಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. 1988ರ ಕಾಯಿದೆಯ 72ನೆಯ ಕಲಮು, ಯಾವ ಮಾರ್ಗದಲ್ಲಿ ದಿನಕ್ಕೆ ಕನಿಷ್ಠ ಎಷ್ಟು ಸರತಿ ಓಡಬೇಕೆಂಬ ಷರತ್ತನ್ನು ಪರವಾನಿಗೆಗೆ ಸೇರಿಸುವ ಅಧಿಕಾರವನ್ನು ಸಾರಿಗೆ ಪ್ರಾಧಿಕಾರಕ್ಕೆ ಕೊಟ್ಟಿದೆ. ಏಪ್ರಿಲ್ ಮೇ ತಿಂಗಳ ಮಾರ್ಗವನ್ನು ಬೇಡುವವನಿಗೆ ಜೂನ್ ಜುಲೈ ತಿಂಗಳ ಸರತಿಯನ್ನೂ ಕಟ್ಟಿಕೊಡಲಿ. ಅದರಿಂದಾಗುವ ನಷ್ಟದಲ್ಲಿ ಮಕ್ಕಳ ಪಾಸಿನ ಪಾಲನ್ನು, ಬಸ್ಸು ನಿಗಮದ್ದಾಗಲಿ ಸಂಘದ್ದಾಗಲಿ, ಸರಕಾರವೇ ಭರಿಸಲಿ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಗಳ ಶಾಲೆಯ ಉಪಾಧ್ಯಾಯರು ತಮ್ಮ ಹಾಜರಿ ಪುಸ್ತಕವನ್ನು ತೆರೆದು, ಬಸ್ಸಿಲ್ಲದ ಕಾರಣ ಮಳೆಗಾಲದಲ್ಲಿ ತಪ್ಪಿದ ದಿನಗಳೆಷ್ಟೆಂದು ಊರೂರಿನ ಲೆಕ್ಕ ಬರೆದು, ಬರುವ ಬೇಸಗೆಯ ಪರವಾನಿಗೆಗಳ ವಿಚಾರಣೆಗೆ ಮೊದಲೇ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ.