ಅಜಂತಾ ಗೋಡೆಯ ಮೇಲಿನ ಹೆಸರು

ಶಾಲಾ ಪ್ರವಾಸದಲ್ಲಿ ಮಹಾರಾಷ್ಟ್ರದ ಅಜಂತಾ ನೋಡಿ ಬಂದೆವು. ಬೆಟ್ಟ ಕುದುರೆ ಲಾಳದಂತೆ ಬಾಗಿದೆ, ಕೆಳಗೆ ವಾಘೋರಾ ನದಿ. ಬೆಟ್ಟವನ್ನೇ ಕೊರೆದು ಬೌದ್ಧ ಭಿಕ್ಷುಗಳಿಗಾಗಿ ಮಾಡಿದ ಸುಮಾರು 30 ಗುಹೆಗಳು. ಮೊದಲಿನವು 2,000 ವರ್ಷಕ್ಕಿಂತ ಹಳೆಯವು. 26ನೇ ಗುಹೆಯಲ್ಲಿ ಮಲಗಿದ ಬುದ್ಧನ ಮುಂದೆ ನಮ್ಮ ಗಲಾಟೆ ತಾನಾಗಿಯೇ ನಿಂತಿತು. (ಬಸ್ಸಿನಲ್ಲಿ ಗುರುಗಳು ಗದರಿದರೂ ನಿಂತಿರಲಿಲ್ಲ!)

1819ರಲ್ಲಿ ಬೇಟೆಗೆ ಬಂದು ಈ ಗುಹೆಗಳನ್ನು ಕಂಡ ಬ್ರಿಟಿಷ್ ಅಧಿಕಾರಿ ಜಾನ್ ಸ್ಮಿತ್, 10ನೇ ಗುಹೆಯಲ್ಲಿ ಚಿತ್ರದ ಮೇಲೆಯೇ ತನ್ನ ಹೆಸರು, ತಾರೀಖು ಗೀಚಿ ಹೋಗಿದ್ದಾನೆ. ಅವನೇ ಕಂಡುಹಿಡಿದನಂತೆ! ಅಲ್ಲಿಯ ಜನರಿಗೆ ಮೊದಲೇ ಗೊತ್ತಿತ್ತಲ್ಲ. ಚಿತ್ರ ಬರೆದವರ ಹೆಸರು ನಮಗೆ ಗೊತ್ತಿಲ್ಲ, ನೋಡಲು ಬಂದವನ ಹೆಸರು ಉಳಿದಿದೆ. ಇದ್ಯಾವ ನ್ಯಾಯ? ದೊಡ್ಡವರು ಮಾಡಿದರೂ ತಪ್ಪು ತಪ್ಪೇ ಎಂದು ನನ್ನ ಅಭಿಪ್ರಾಯ.

ಕಾವಲುಗಾರರು ಆಚೆ ಹೋದಾಗ ನಮ್ಮ ಗೆಳೆಯನೊಬ್ಬ ಕಿಸೆಯಿಂದ ಕೈವಾರ ತೆಗೆದ. “ಬ್ಯಾಡಲೇ” ಅಂದೆ.

“ಹನಮಪ್ಪನ ಗುಡಿ ಕಂಬದ ಮ್ಯಾಲ ನಿನ್ನ ಹೆಸರ ಯಾರ್ ಕೊರದಾರ?” ಅಂದ.

ನನಗೆ ಉತ್ತರ ಬರಲಿಲ್ಲ. ಯಾಕೋ ಅವನೂ ಕೈವಾರ ಕಿಸೆಗೆ ಹಾಕಿದ.

ಊರಿಗೆ ಬಂದು ಆ ಕಂಬವನ್ನು ತೆಂಗಿನ ನಾರಿನಿಂದ ಉಜ್ಜಿದೆ. ಮೊದಲಕ್ಷರ ಸ್ವಲ್ಪ ಮಾಸಿದೆ, ಉಳಿದದ್ದು ಹಾಗೇ ಇದೆ.