ಒಂಬತ್ತರಲ್ಲಿ ಬದಲಾಗುವ ಮನಸ್ಸು

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂಬ ವಾಡಿಕೆಗೆ ಯಾರೂ ಅಷ್ಟಾಗಿ ಗಮನಿಸದ ಒಂದು ಪರಿಣಾಮವಿದೆ. ಸೀಮಂತ ಮುಗಿಸಿಕೊಂಡ ಬಸುರಿ ಏಳು ತುಂಬಿದ ಮೇಲೆ ಗಂಡನ ಊರು ಬಿಟ್ಟು ತಾಯಿಯ ಊರಿಗೆ ಬರುತ್ತಾಳೆ. ಕೈಯಲ್ಲಿ ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು ತುಂಬಿದ ಪ್ಲಾಸ್ಟಿಕ್ ಕವರು. ಅಲ್ಲಿಯತನಕ ನೋಡಿದ ಡಾಕ್ಟರು ಅಲ್ಲೇ ಉಳಿದರು. ಹೆರಿಗೆ ಮಾಡಿಸುವವರ ಮುಖವನ್ನು ಅವಳು ಇನ್ನು ನಾಲ್ಕಾರು ಸಲ ನೋಡಿಯಾಳು ಅಷ್ಟೆ. ಹಾಗಾಗಿ ಎಲ್ಲಿ ಹೆರುವುದು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಕೊನೆಯ ತಿಂಗಳುಗಳಲ್ಲೇ ಮತ್ತೆ ತಲೆಯೆತ್ತುತ್ತದೆ. ಏಳು ಹೆತ್ತೆ, ಒಂದಕ್ಕೂ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ ಎಂದು ಅಜ್ಜಿ ಹೇಳುವುದು ಆಗಲೇ. ನೀರಿನ ತೊಟ್ಟಿಯಲ್ಲಿ ಹಾಯಾಗಿ ಹೆರುವ ವಿಡಿಯೊ ಫೋನಿನಲ್ಲಿ ಕಣ್ಣಿಗೆ ಬೀಳುವುದೂ ಆಗಲೇ. ಒಂಬತ್ತಕ್ಕೆ ಬೀಳುವ ಹೊತ್ತಿಗೆ, ಮನೆಯಲ್ಲೇ ಆದರೇನು ಎಂಬ ಯೋಚನೆ ಗಟ್ಟಿಯಾಗಿರುತ್ತದೆ.

ಇದನ್ನು ಹುಚ್ಚು ಎಂದು ತಳ್ಳಿಹಾಕಬಾರದು. ತುಮಕೂರು ಜಿಲ್ಲೆ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಒಂದು ಕಾಸೂ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಅಜ್ಜಿಯಿಂದ ಕಲಿತ ವಿದ್ಯೆ ಅದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ಸಾವಿರಾರು ಮನೆಗಳು ಇಂಥ ಕೈಗಳನ್ನು ನಂಬಿ ಬದುಕಿದವು. ಆದರೆ ಇವತ್ತು ಮನೆಯಲ್ಲಿ ಹೆರುತ್ತೇನೆ ಎನ್ನುವ ಹುಡುಗಿಗೆ ಆ ಕೈ ಸಿಗುವುದಿಲ್ಲ. ಸೂಲಗಿತ್ತಿಯರ ಪರಂಪರೆ ಬಹುಪಾಲು ಮುಗಿದಿದೆ. ಮನೆ ಹಾಗೇ ಇದೆ, ಆ ಮನೆಗೆ ನಡುರಾತ್ರಿ ನಡೆದು ಬರುತ್ತಿದ್ದವಳು ಇಲ್ಲ.

ಅಜ್ಜಿಯ ಸಾಕ್ಷ್ಯದಲ್ಲೂ ಒಂದು ಕೊರತೆಯಿದೆ. ಅದೇ ಓಣಿಯಲ್ಲಿ ಹೆರಿಗೆಯಲ್ಲಿ ತೀರಿಕೊಂಡವಳು ಮೊಮ್ಮಗಳಿಗೆ ಕತೆ ಹೇಳಲು ಉಳಿಯಲಿಲ್ಲ. 2004-06ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ರಸ್ತೆ, 108 ಆಂಬುಲೆನ್ಸ್, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರು, ಎಲ್ಲರಿಗೂ ಅದರಲ್ಲಿ ಪಾಲಿದೆ. ಆಸ್ಪತ್ರೆ ಹೆರಿಗೆಗೂ ದೊಡ್ಡ ಪಾಲಿದೆ.

ಯಾಕೆಂದು ತಿಳಿಯಲು ಹೆರಿಗೆಯಾದ ಮೇಲಿನ ಮೊದಲ ಅರ್ಧ ಗಂಟೆಯನ್ನು ನೋಡಬೇಕು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದೊಡನೆ ಗರ್ಭಕೋಶ ಮುಷ್ಟಿ ಹಿಡಿದಂತೆ ಬಿಗಿಯಬೇಕು. ತೆರೆದ ರಕ್ತನಾಳಗಳ ಬಾಯಿ ಕಟ್ಟುವುದು ಆ ಬಿಗಿತವೇ. ಬಿಗಿಯದೆ ಸಡಿಲವಾಗಿ ಉಳಿದರೆ ಗಟ್ಟಿಮುಟ್ಟಾದ ಹೆಣ್ಣೂ ಎರಡು ಗಂಟೆಯೊಳಗೆ ಸಾಯಬಹುದು. ಎಷ್ಟೋ ಸಲ ಇದಕ್ಕೆ ಮುನ್ಸೂಚನೆಯೇ ಇರುವುದಿಲ್ಲ. ಆಗ ಬೇಕಾದದ್ದು ಆಕ್ಸಿಟೋಸಿನ್ ಚುಚ್ಚುಮದ್ದು, ಅದನ್ನು ತಡಮಾಡದೆ ಕೊಡಬಲ್ಲ ಕೈ, ಅದಕ್ಕೂ ಬಗ್ಗದಿದ್ದರೆ ರಕ್ತ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಮೈ ಸ್ವಲ್ಪ ಹೋದರೂ ತಡೆಯದು. 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ವಿಡಿಯೊ ನೋಡಿಕೊಂಡು ಮನೆಯಲ್ಲೇ ಹೆತ್ತ ಯುವ ಶಿಕ್ಷಕಿಯೊಬ್ಬಳು ರಕ್ತಸ್ರಾವದಿಂದಲೇ ತೀರಿಕೊಂಡಳು. ಮಗು ಬದುಕಿತು.

ಹಾಗಾದರೆ ಇಂಗ್ಲೆಂಡಿನಲ್ಲಿ, ನೆದರ್ಲೆಂಡಿನಲ್ಲಿ ಮನೆಹೆರಿಗೆ ನಡೆಯುವುದು ಹೇಗೆ? ಇಂಗ್ಲೆಂಡಿನಲ್ಲಿ ತೊಡಕಿಲ್ಲದ ಸುಮಾರು 64,500 ಬಸಿರುಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಒಮ್ಮೆ ಹೆತ್ತವರಿಗೆ ಮನೆಯಾದರೂ ಆಸ್ಪತ್ರೆಯಾದರೂ ಮಗುವಿನ ಅಪಾಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿನವರ ಲೆಕ್ಕ ಬೇರೆ: ಮಗುವಿಗೆ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದರೆ ಮನೆ ಆಯ್ದವರಲ್ಲಿ 9.3. ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಮನೆಯಲ್ಲೇ ಹೆರಲು ಹೊರಟ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಸಾಗಿಸಲು ದಾರಿಯಿತ್ತು. ತರಬೇತಿ ಪಡೆದ ಮಿಡ್‌ವೈಫ್ ಔಷಧಿಯ ಚೀಲ ಹಿಡಿದು ಮನೆಗೇ ಬಂದಿರುತ್ತಾಳೆ, ಕರೆದರೆ ಆಂಬುಲೆನ್ಸ್ ಬರುತ್ತದೆ, ಅತ್ತ ಆಸ್ಪತ್ರೆ ಬಾಗಿಲು ತೆರೆದಿರುತ್ತದೆ. ಅಲ್ಲಿ ಹೆಣ್ಣು ಕೊನೆಯ ವಾರದಲ್ಲೂ ಮನಸ್ಸು ಬದಲಿಸಬಹುದು. ಆ ಸ್ವಾತಂತ್ರ್ಯದ ಬೆನ್ನಿಗೆ ಇಡೀ ವ್ಯವಸ್ಥೆ ನಿಂತಿದೆ.

ತಡವಾಗಿ ನಿರ್ಧರಿಸುವುದರಲ್ಲಿ ಒಂದು ವಿವೇಕವೂ ಇದೆ, ಅದನ್ನು ಒಪ್ಪಬೇಕು. ಮಗುವಿನ ತಲೆ ಕೆಳಗಿದೆಯೇ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆಯೇ, ಬಿಪಿ ಏರುತ್ತಿದೆಯೇ, ಇವೆಲ್ಲ ಖಚಿತವಾಗುವುದು ಎಂಟು, ಒಂಬತ್ತರಲ್ಲಿ. ಐದನೇ ತಿಂಗಳಲ್ಲೇ ಮನೆ ಎಂದು ಹಟ ಹಿಡಿದವಳಿಗಿಂತ ಮೂವತ್ತಾರನೇ ವಾರದವಳಿಗೆ ತನ್ನ ಬಸುರಿನ ಬಗ್ಗೆ ಹೆಚ್ಚು ಗೊತ್ತಿರುತ್ತದೆ. ಆದರೆ ಆ ಹೊತ್ತಿಗೆ ಮಿಡ್‌ವೈಫನ್ನು ಹುಟ್ಟಿಸಲಾಗದು, ಆಸ್ಪತ್ರೆಯನ್ನು ಹತ್ತಿರ ತರಲಾಗದು.

ಇಷ್ಟಕ್ಕೂ ಈ ಆಸೆ ಮನೆಯ ಮೋಹದಿಂದಲೇ ಹುಟ್ಟುವುದು ಕಡಿಮೆ. 2020ರ ಮಾರ್ಚ್‌ನಲ್ಲಿ ಕೊರೊನಾ ಭಯದಿಂದ ನ್ಯೂಯಾರ್ಕಿನ ಕೆಲವು ಆಸ್ಪತ್ರೆಗಳು ಹೆರಿಗೆ ಕೋಣೆಗೆ ಗಂಡನನ್ನೂ ಬಿಡದೆ ಬಾಗಿಲು ಹಾಕಿದವು. ರಾಜ್ಯ ಸರ್ಕಾರವೇ ನಡುವೆ ಬಂದು ಜೊತೆಗೊಬ್ಬರನ್ನು ಬಿಡಿಸಬೇಕಾಯಿತು. ಆ ವರ್ಷ ಅಮೆರಿಕದ ಒಟ್ಟು ಹೆರಿಗೆಗಳಲ್ಲಿ ಮನೆಹೆರಿಗೆಗಳ ಪ್ರಮಾಣ ಹಿಂದಿನ ವರ್ಷಕ್ಕಿಂತ ನೂರಕ್ಕೆ 22ರಷ್ಟು ಏರಿತು. ಸೋಂಕಿನ ಭಯದಷ್ಟೇ ಒಂಟಿತನದ ಭಯವೂ ಆ ಏರಿಕೆಯಲ್ಲಿ ಇದ್ದಿರಲೇಬೇಕು. ಭಾರತದಲ್ಲಿ ಆ ಒಂಟಿತನಕ್ಕೆ ಕೊರೊನಾ ಬೇಕಿರಲಿಲ್ಲ. ಹೆರಿಗೆ ಕೋಣೆಗೆ ಜೊತೆಗೊಬ್ಬರನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಆದರೂ ತಾಯಿ ಹೊರಗಿನ ಬೆಂಚಿನಲ್ಲಿ, ಮಗಳು ಒಳಗೆ ಅಪರಿಚಿತರ ಗದರಿಕೆಯಲ್ಲಿ, ಇದು ಇನ್ನೂ ಎಷ್ಟೋ ಕಡೆಯ ಚಿತ್ರ. ಸಿಸೇರಿಯನ್ ಭಯ ಬೇರೆ: 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಕೊಯ್ದು ತೆಗೆದವು, ಸರ್ಕಾರಿಯಲ್ಲಿ 14. ಈ ಅಂತರ ಬರೀ ಬಸುರಿಯರ ಮೈಯಲ್ಲಿ ಇರಲಾರದು.

ನರಸಮ್ಮನವರ ಜಿಲ್ಲೆಯಲ್ಲೇ, 2022ರ ನವೆಂಬರ್‌ನಲ್ಲಿ, ತುಮಕೂರಿನ ಸರ್ಕಾರಿ ಆಸ್ಪತ್ರೆಗೆ ನೋವು ಕಾಣಿಸಿಕೊಂಡ ಹೆಂಗಸೊಬ್ಬಳು ಬಂದಳು. ತಾಯಿ ಕಾರ್ಡೂ ಆಧಾರೂ ಇಲ್ಲವೆಂದು ಸೇರಿಸಿಕೊಳ್ಳಲಿಲ್ಲ. ಮನೆಗೆ ಮರಳಿದವಳು ಅಲ್ಲೇ ಅವಳಿ ಮಕ್ಕಳನ್ನು ಹೆತ್ತು, ಅವರೊಂದಿಗೇ ತೀರಿಕೊಂಡಳು. ಮನೆಯಲ್ಲಿ ಹೆರಬೇಡ ಎಂದು ಹೆಣ್ಣಿಗೆ ಬುದ್ಧಿ ಹೇಳುವ ಸರ್ಕಾರಕ್ಕೆ ಆ ಬಾಗಿಲಿನ ಹೊಣೆಯೂ ಇದೆ.

ಹೆರಿಗೆಗೇ ಮೀಸಲಾದ ಮಿಡ್‌ವೈಫ್ ನರ್ಸುಗಳನ್ನು ಹದಿನೆಂಟು ತಿಂಗಳು ತರಬೇತು ಮಾಡುವ ಮಾರ್ಗಸೂಚಿಯನ್ನು ಕೇಂದ್ರ 2018ರಲ್ಲಿ ಹೊರಡಿಸಿತು. ಅಂಥವರು ತಾಲ್ಲೂಕು ಆಸ್ಪತ್ರೆಗಳನ್ನು ತುಂಬಿದರೆ, ಮನೆಯಲ್ಲಿ ಹುಡುಕುವ ನೆಮ್ಮದಿಯ ಬಹುಪಾಲು ಅಲ್ಲೇ ಸಿಕ್ಕೀತು. ಅಲ್ಲಿಯತನಕ, ಒಂಬತ್ತರಲ್ಲಿ ಮನೆಯೆಂದು ಮನಸ್ಸು ಮಾಡಿದ ಕರ್ನಾಟಕದ ಹುಡುಗಿಗೆ ಬೇಡ ಎಂದೇ ಹೇಳಬೇಕಾಗುತ್ತದೆ. ಅಷ್ಟು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ಉಳಿದ ನಾಲ್ಕು ವಾರದಲ್ಲಿ ಒಂದು ದಿನ ಅವಳ ತಾಯಿ ಅವಳನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ ಹೆರಿಗೆ ಕೋಣೆ ನೋಡಬಹುದು. ನಾನು ಒಳಗೆ ಜೊತೆಗಿರಬಹುದೇ, ನೋವಿನಲ್ಲಿ ಇವಳು ಎದ್ದು ಓಡಾಡಬಹುದೇ, ಗಂಜಿ ಕುಡಿಸಬಹುದೇ, ರಾತ್ರಿ ಡಾಕ್ಟರು ಇರುತ್ತಾರೆಯೇ, ರಕ್ತ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಆಸ್ಪತ್ರೆ ಹುಡುಕಲು ಆಗಲೂ ಸಮಯವಿರುತ್ತದೆ.