ಮನೆಮಾತು: ಕಾಳಿಯ ಕಲ್ಲೂ ನಮ್ಮ ನಾಯಿಯ ಹೆಜ್ಜೆಯೂ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದಿರಿಸಿದ ಕಲ್ಲೊಂದಿದೆ. ಹತ್ತನೆಯ ಶತಮಾನದ ಕನ್ನಡ ಶಾಸನ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಗಂಗರ ಬೂತುಗ, ಚೋಳ ರಾಜಾದಿತ್ಯನು ಮಡಿದ ಕ್ರಿ.ಶ. 949ರ ತಕ್ಕೋಲದ ಯುದ್ಧ, ಎಲ್ಲವೂ ಅದರಲ್ಲಿ ಬರುತ್ತವೆ. ತಕ್ಕೋಲವೇನು ದೂರದ ಊರಲ್ಲ. ಇಲ್ಲೇ ಅರಕ್ಕೋಣದ ಬಳಿ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ಈ ಅರಸರನ್ನಲ್ಲ. ಹಂದಿಯೊಡನೆ ಸೆಣಸುತ್ತಿರುವ ಒಂದು ನಾಯಿಯನ್ನು!

ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೇಟೆಯಲ್ಲಿ ಕಾಳಿಯೂ ಕಾಡುಹಂದಿಯೂ ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ತಟ್ಟುವುದೆಂದೂ ಬರೆಸಿದ. ನಾಯಿ ಸತ್ತರೆ ಇಷ್ಟೊಂದು ದುಃಖವೇ ಎಂದು ಮೂಗು ಮುರಿಯುವವರಿಗೆ ನಾನು ಈ ಕಲ್ಲನ್ನೇ ತೋರಿಸುವುದು.

ನಮ್ಮಂಥ ಬಾಡಿಗೆ ಮನೆಯವರು ಕಲ್ಲು ನಿಲ್ಲಿಸುವುದೆಲ್ಲಿ ಬಂತು, ಭೂಮಿ ಬಿಡುವುದೆಲ್ಲಿ ಬಂತು! ನಮ್ಮ ಕೈಗೆಟುಕುವುದು ಒಂದು ಹಿಡಿ ಮಣ್ಣು. ಸಾಕಿದ ನಾಯಿಯ, ಬೆಕ್ಕಿನ ಹೆಜ್ಜೆಯನ್ನು ಅಚ್ಚು ತೆಗೆದಿಟ್ಟುಕೊಳ್ಳುವ ರೂಢಿ ಈಗ ಬಹಳ ಮನೆಗಳಿಗೆ ಬಂದಿದೆ. ಮಣ್ಣು ನಂಬಬಹುದಾದ ಸಾಕ್ಷಿ. ಈಗ ಪಾಕಿಸ್ತಾನದಲ್ಲಿರುವ ಚನ್ಹುದಾರೋ ಎಂಬಲ್ಲಿ 1935-36ರಲ್ಲಿ ಅಗೆದಾಗ ಸಿಕ್ಕ ಇಟ್ಟಿಗೆಯೊಂದರ ಮೇಲೆ ಬೆಕ್ಕಿನ ಹೆಜ್ಜೆಯೂ ಅದರ ಹಿಂದೆಯೇ ನಾಯಿಯ ಹೆಜ್ಜೆಯೂ ಮೂಡಿವೆ. ಯಾರೋ ಹಸಿ ಇಟ್ಟಿಗೆಯನ್ನು ಒಣಗಲು ಇಟ್ಟಿದ್ದರು. ಇವೆರಡೂ ಅದರ ಮೇಲೆ ಓಡಿದವು. ನಾಲ್ಕು ಸಾವಿರ ವರ್ಷದ ಮೇಲೆಯೂ ಅವುಗಳ ಜಗಳ ಮುಗಿದಿಲ್ಲ.

ಈ ಕೆಲಸವನ್ನು ಮಾಡುವವರು ಸಾಮಾನ್ಯವಾಗಿ ಕಾಲ ಮೀರಿದ ಮೇಲೆ ಹೊರಡುತ್ತಾರೆ. ವೈದ್ಯರು ಕೈಬಿಟ್ಟ ದಿನ ಮಣ್ಣು ಹುಡುಕುವುದು, ನೋವಿನಿಂದ ನರಳುವ ಪ್ರಾಣಿಯ ಕಾಲನ್ನು ಹಿಡಿದೊತ್ತುವುದು, ಇದು ನನಗೆ ಸರಿಕಾಣದು. ಕಡೆಯ ಗಂಟೆಗಳಲ್ಲಿ ಅದಕ್ಕೆ ಬೇಕಾದದ್ದು ನಮ್ಮ ಮಡಿಲು. ಅಚ್ಚು ತೆಗೆಯುವುದಾದರೆ ಅದು ಬಾಲವಾಡಿಸುತ್ತ ಓಡಾಡುವಾಗಲೇ ತೆಗೆಯಬೇಕು.

ಹೀಗೆಂದಾಗ ನಮ್ಮ ಬೀದಿಯ ಹಿರಿಯರೊಬ್ಬರು, "ಬದುಕಿರುವುದಕ್ಕೆ ನೆನಪಿನ ಗುರುತು ಮಾಡುವುದು ಅಪಶಕುನವಲ್ಲವೇನಪ್ಪಾ?" ಎಂದರು. ಅವರ ಮನೆಯ ನಾಯಿಗೆ ಹದಿಮೂರು ವರ್ಷ. ಅದರ ಜೊತೆಯಲ್ಲೇ ಬೆಳೆದ ಮಗಳು ಕೆಲಸಕ್ಕೆಂದು ಪರದೇಶಕ್ಕೆ ಹೊರಟಿದ್ದಳು. ಹಿಂತಿರುಗುವ ವೇಳೆಗೆ ಅದು ಇರುವುದೋ ಇಲ್ಲವೋ ಎಂಬುದು ಮನೆಯವರೆಲ್ಲರ ಮನಸ್ಸಿನಲ್ಲೂ ಇತ್ತು, ಯಾರ ಬಾಯಿಂದಲೂ ಬಂದಿರಲಿಲ್ಲ. ನಾನೆಂದೆ: "ರಾಯರೆ, ಗೋಕುಲಾಷ್ಟಮಿಯಲ್ಲಿ ಬಾಗಿಲಿಂದ ದೇವರ ಕೋಣೆಯವರೆಗೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ಹೆಜ್ಜೆ ಇಡುತ್ತೇವಲ್ಲ, ಅದು ಕೃಷ್ಣ ಬಂದನೆಂಬುದಕ್ಕೋ, ಹೋದನೆಂಬುದಕ್ಕೋ?" ಅವರು ಉತ್ತರ ಕೊಡಲಿಲ್ಲ. ಮರುದಿನ ಸಂಜೆ ಮಣ್ಣಿನ ಮುದ್ದೆ ಹಿಡಿದು ತಾವೇ ಬಂದರು.

ಮಣ್ಣೆಂದರೆ ಕುಂಬಾರರ ಜೇಡಿಮಣ್ಣು, ಪಿಳ್ಳೆಯಾರ್ ಚೌತಿಗೆ ಮೂರ್ತಿ ಮಾಡುವಂಥದು. ಮೈದಾಹಿಟ್ಟು ಎರಡು ಪಾಲು, ಉಪ್ಪು ಒಂದು ಪಾಲು ಕಲಸಿ ಮಾಡುವ ವಿಧಾನವನ್ನು ಹಲವರು ಹೇಳುತ್ತಾರೆ. ಅದು ಈ ಊರಿಗೆ ಹೇಳಿಸಿದ್ದಲ್ಲ; ಕಡಲ ಗಾಳಿಗೆ ಉಪ್ಪು ನೀರೆಳೆದು ಹೆಜ್ಜೆ ಮೆತ್ತಗಾಗುತ್ತದೆ. ಅಲ್ಲದೆ ಅಷ್ಟು ಉಪ್ಪಿನ ಹಿಟ್ಟನ್ನು ನಾಯಿ ತಿಂದರೆ ಪ್ರಾಣಕ್ಕೇ ಕುತ್ತು.

ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ ಒಂದಂಗುಲ ದಪ್ಪ ತಟ್ಟಿ. ನಾಯಿ ನಿಂತಿರುವಾಗ ಮುಂಗಾಲಿನ ಕೆಳಗೆ ಸರಿಸಿ. ಮೈಭಾರ ಮುಂಗಾಲಿಗೇ ಹೆಚ್ಚು, ಒತ್ತುವ ತೊಂದರೆಯಿಲ್ಲ. ಕೈಯಲ್ಲೊಂದು ಬಿಸ್ಕತ್ತಿರಲಿ. ಅಚ್ಚು ಕೆಟ್ಟರೆ ಮಣ್ಣನ್ನು ಮತ್ತೆ ನಾದಿದರಾಯಿತು. ಒಂದು ಉಗುರು ಸರಿಯಾಗಿ ಮೂಡಲಿಲ್ಲವೆಂದು ಹತ್ತು ಸಲ ಪೀಡಿಸುವವರನ್ನೂ ಕಂಡಿದ್ದೇನೆ. ಅದು ನಾಯಿ, ಗುಮಾಸ್ತೆಯಲ್ಲ. ಕೂಡಲೇ ಪಾದ ತೊಳೆದು ಬೆರಳ ಸಂದಿನ ಮಣ್ಣು ತೆಗೆಯಿರಿ.

ಇನ್ನು ಗುಳಿಯ ಸುತ್ತ ರಟ್ಟಿನ ಬೇಲಿ ಕಟ್ಟಿ, ಒಂದು ಪಾಲು ನೀರಿಗೆ ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಉದುರಿಸಿ, ಕಲಕಿ ಹೊಯ್ಯಿರಿ. ಒಂದು ಗಂಟೆ ಬಿಟ್ಟು ಮಣ್ಣು ಬಿಡಿಸಿದರೆ ಪಾದದ ಮೆತ್ತೆಗಳು ಉಬ್ಬಿ ನಿಲ್ಲುತ್ತವೆ. ಈ ಪ್ಲಾಸ್ಟರಿನೊಳಗೆ ಮಾತ್ರ ನಾಯಿಯ ಕಾಲನ್ನಾಗಲಿ ಮಗುವಿನ ಕೈಯನ್ನಾಗಲಿ ನೇರವಾಗಿ ಇಡಲೇಬೇಡಿ. ಗಟ್ಟಿಯಾಗುವಾಗ ಅದು ಸುಡುವಷ್ಟು ಬಿಸಿಯೇರುತ್ತದೆ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕೈಯಚ್ಚು ತೆಗೆಯಲು ಹೋದ ಹುಡುಗಿಯೊಬ್ಬಳು ಬೆರಳುಗಳನ್ನೇ ಕಳೆದುಕೊಂಡಳು.

ಪೂರ್ತಿ ಒಣಗಲು ಮೂರು ನಾಲ್ಕು ದಿನ ನೆರಳಲ್ಲಿಡಿ. ಮಳೆಗಾಲದಲ್ಲಾದರೆ ಒಂದು ವಾರ. ಬೆನ್ನಿಗೆ ಹೆಸರು, ತಾರೀಖು ಕೊರೆಯಿರಿ. ಮಿಕ್ಕ ಪ್ಲಾಸ್ಟರನ್ನು ಬಚ್ಚಲಿಗೆ ಸುರಿಯಬೇಡಿ. ಕೊಳವೆಯೊಳಗೇ ಅದು ಕಲ್ಲಾದರೆ ಮನೆಯೊಡೆಯರಿಗೆ ಕನ್ನಡದಲ್ಲಿ ಸಮಜಾಯಿಷಿ ಹೇಳಲಾಗದು, ತಮಿಳಿನಲ್ಲೇ ಹೇಳಬೇಕಾಗುತ್ತದೆ.